ಅರ್ಧ ದಿನ ಮನೆಯಲ್ಲಿ, ಅರ್ಧ ದಿನ ಅಂಗನವಾಡಿಯಲ್ಲಿ

ಕಳೆದ ಮಳೆಗಾಲದಲ್ಲಿ ಅಜ್ಜಿಯೊಬ್ಬರು ನಾಲ್ಕೂವರೆ ವರ್ಷದ ಮೊಮ್ಮಗಳನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದರು.

"ಡಾಕ್ಟ್ರೇ, ಇವಳ ತಲೆ ಚುರುಕಾಗೋಕೆ ಏನಾದರೂ ಮಾಜೂನ್ ಕೊಡಿ. ಅಂಗನವಾಡಿಗೆ ಹೋಗೋಕೆ ಶುರು ಮಾಡಿ ಒಂದು ವರ್ಷ ಆಯ್ತು. ಒಂದು ಹಾಡೂ ಬರಲ್ಲ. ಟೀಚರ್ ಕರೆದರೆ ತಿರುಗಿಯೂ ನೋಡಲ್ವಂತೆ. ಮಗು ಮಂದ ಅಂತ ಎಲ್ಲರೂ ಹೇಳ್ತಿದ್ದಾರೆ" ಎಂದರು.

"ಮನೆಯಲ್ಲಿ ಮಾತಾಡ್ತಾಳಾ ಅಮ್ಮ?" ಎಂದು ಕೇಳಿದೆ.

"ಮಾತಾಡ್ತಾಳೆ. ಆದರೆ ಮಾತೆಲ್ಲ ಜೋರು. ಟಿವಿ ಹಾಕಿದರೆ ಅದರ ಮುಂದೆಯೇ ಹೋಗಿ ನಿಲ್ತಾಳೆ."

"ಕಿವಿ ಸೋರುತ್ತಾ?"

"ಶೀತ ಆದಾಗೆಲ್ಲ ಸೋರುತ್ತೆ. ಅದು ಮಕ್ಕಳಿಗೆ ಇರೋದೇ ಅಲ್ವಾ?"

ಆ ಮಗುವಿಗೆ ಅದೇ ವರ್ಷ ಎರಡು ಸಲ ಕೆಮ್ಮು-ನೆಗಡಿಗೆ ಔಷಧ ಕೊಟ್ಟವನು ನಾನೇ. ಎರಡು ಸಲವೂ ಕಿವಿಯ ಬಗ್ಗೆ ಕೇಳಿರಲಿಲ್ಲ. ಈ ಸಲ ಮಾಜೂನ್ ಕೊಡದೆ, ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಚೀಟಿ ಬರೆದುಕೊಟ್ಟೆ. ಪರೀಕ್ಷೆಯಲ್ಲಿ ಎರಡೂ ಕಿವಿಗಳ ಕೇಳುವ ಶಕ್ತಿ ಕಡಿಮೆಯಾಗಿರುವುದು ತಿಳಿಯಿತು. ಮಗು ಮಂದವಾಗಿರಲಿಲ್ಲ. ಅವಳಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ, ಅಷ್ಟೇ.

ಇಲ್ಲಿ ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ಕಿವಿ ಸೋರುವುದು ಮನೆಯವರಿಗೆ ಗೊತ್ತಿತ್ತು. ಕರೆದರೆ ತಿರುಗುವುದಿಲ್ಲ ಎಂಬುದು ಅಂಗನವಾಡಿ ಟೀಚರ್‌ಗೆ ಗೊತ್ತಿತ್ತು. ಈ ಎರಡು ವಿಷಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರೆ ಯಾರಿಗಾದರೂ ಸಂಶಯ ಬರುತ್ತಿತ್ತು. ಆದರೆ ಇಡೀ ವರ್ಷ ಮನೆ ಮತ್ತು ಅಂಗನವಾಡಿಯ ನಡುವೆ ಮಾತುಕತೆಯೇ ನಡೆದಿರಲಿಲ್ಲ. ಮಗುವಿನ ಕಲಿಕೆಗೆ ಪೋಷಕರು ಮಾಡಬಹುದಾದ ಬಹು ದೊಡ್ಡ ಸಹಾಯ, ಮಗುವನ್ನು ನೋಡಿಕೊಳ್ಳುವವರೊಂದಿಗೆ ದಿನಕ್ಕೆ ಐದು ನಿಮಿಷ ಮಾತನಾಡುವುದು. ಈ ಲೇಖನ ಅದರ ಬಗ್ಗೆ.

ಅಂಗನವಾಡಿ ಪೌಷ್ಟಿಕ ಆಹಾರಕ್ಕೆ ಮಾತ್ರವಲ್ಲ

ನಮ್ಮಲ್ಲಿ ಅನೇಕ ಕುಟುಂಬಗಳು ಅಂಗನವಾಡಿಯೆಂದರೆ ಮೊಟ್ಟೆ, ಹಾಲು, ಪೌಷ್ಟಿಕ ಆಹಾರದ ಪೊಟ್ಟಣ ಸಿಗುವ ಜಾಗ ಎಂದಷ್ಟೇ ತಿಳಿದಿವೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ, ತಾಯಂದಿರಿಗೆ ಆರೋಗ್ಯ ಶಿಕ್ಷಣ, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ - ಈ ಆರು ಸೇವೆಗಳು ಅದರಲ್ಲಿ ಸೇರಿವೆ. ಅಂದರೆ ನಿಮ್ಮ ಮಗು ಅಲ್ಲಿ ಕೂತು ಹಾಡುವುದು, ಬಣ್ಣ ಗುರುತಿಸುವುದು, ಕಥೆ ಕೇಳುವುದು ಕಾಲಹರಣವಲ್ಲ. ಅದೂ ಶಿಕ್ಷಣವೇ.

ಖಾಸಗಿ ನರ್ಸರಿಗೆ ಕಳುಹಿಸುವವರಿಗೂ, ಕೆಲಸಕ್ಕೆ ಹೋಗುವಾಗ ಪಕ್ಕದ ಮನೆಯವರ ಬಳಿ ಮಗುವನ್ನು ಬಿಟ್ಟು ಹೋಗುವವರಿಗೂ ಮುಂದೆ ಹೇಳುವ ಮಾತುಗಳು ಅನ್ವಯಿಸುತ್ತವೆ.

ಏನು ಮಾತನಾಡಬೇಕು?

"ಐದು ನಿಮಿಷ ಏನು ಮಾತಾಡೋದು ಡಾಕ್ಟ್ರೇ?" ಎಂದು ತಾಯಂದಿರು ಕೇಳುತ್ತಾರೆ. ಯೂನಾನಿ ವೈದ್ಯಶಾಸ್ತ್ರದಲ್ಲಿ ಇದಕ್ಕೊಂದು ಸುಲಭದ ಪಟ್ಟಿಯಿದೆ. ಆರೋಗ್ಯವಾಗಿರಲು ಮನುಷ್ಯನಿಗೆ ಅನಿವಾರ್ಯವಾದ ಆರು ವಿಷಯಗಳನ್ನು ನಾವು 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತೇವೆ: ಗಾಳಿ, ಅನ್ನ-ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ದೊಡ್ಡವರಾದರೆ ಈ ಆರನ್ನೂ ತಾವೇ ನೋಡಿಕೊಳ್ಳುತ್ತಾರೆ. ಚಿಕ್ಕ ಮಗುವಿಗೆ ಅವನ್ನು ಬೇರೆಯವರು ನೋಡಿಕೊಳ್ಳಬೇಕು. ಅರ್ಧ ದಿನ ಮನೆಯವರು, ಅರ್ಧ ದಿನ ಅಂಗನವಾಡಿಯವರು. ಹಾಗಾಗಿ ಈ ಆರನ್ನೇ ಮಾತುಕತೆಯ ಪಟ್ಟಿಯಾಗಿ ಇಟ್ಟುಕೊಳ್ಳಿ.

1. ಗಾಳಿ: ಶೀತ, ಉಸಿರು, ಕಿವಿ

ಮಕ್ಕಳ ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ನಾಳವಿದೆ. ಚಿಕ್ಕವರಲ್ಲಿ ಅದು ಗಿಡ್ಡವಾಗಿ, ಹೆಚ್ಚು ಅಡ್ಡವಾಗಿ ಇರುತ್ತದೆ. ಆದ್ದರಿಂದ ಮೂಗಿನ ಸೋಂಕು ಸುಲಭವಾಗಿ ಕಿವಿಗೆ ಹಬ್ಬುತ್ತದೆ. ಕಿವಿಯ ತಮಟೆಯ ಹಿಂದೆ ನೀರು ನಿಂತರೆ ನೋವೇ ಇಲ್ಲದೆ ಕೇಳುವ ಶಕ್ತಿ ಕುಗ್ಗಬಹುದು. ಮಗು ಪದಗಳನ್ನು ಕಿವಿಯಿಂದಲೇ ಕಲಿಯುವುದು. ಅರ್ಧಂಬರ್ಧ ಕೇಳಿಸಿದ ಪದವನ್ನು ಅದು ಹೇಗೆ ಹೇಳೀತು?

ಮನೆಯಲ್ಲಿ ಮಗುವಿನ ಹಿಂದೆ ನಿಂತು, ಮೆಲ್ಲಗೆ ಹೆಸರು ಹಿಡಿದು ಕರೆದು ನೋಡಿ. ಕೆಲವು ಸಲ ಕರೆದರೂ ತಿರುಗದಿದ್ದರೆ, ಟೀಚರ್‌ಗೂ ಗಮನಿಸಲು ಹೇಳಿ. ಇಬ್ಬರ ಅನುಭವವೂ ಒಂದೇ ಆಗಿದ್ದರೆ ತಡಮಾಡದೆ ಶ್ರವಣ ಪರೀಕ್ಷೆ ಮಾಡಿಸಿ. ಸೋರುವ ಕಿವಿಗೆ ಬೆಳ್ಳುಳ್ಳಿ ಎಣ್ಣೆ, ಬೇವಿನ ಎಣ್ಣೆ, ಎದೆಹಾಲು ಯಾವುದನ್ನೂ ಹಾಕಬೇಡಿ. ತಮಟೆಯಲ್ಲಿ ತೂತಿದ್ದರೆ ಅದು ಒಳಗಿಳಿದು ಸೋಂಕು ಹೆಚ್ಚುತ್ತದೆ. ಯೂನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ.

2. ಅನ್ನ-ಪಾನೀಯ: ಹಸಿದ ಹೊಟ್ಟೆ ಕಲಿಯುವುದಿಲ್ಲ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆಯಿದೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದ ಮಗು ಬೇಗ ದಣಿಯುತ್ತದೆ, ಕಿರಿಕಿರಿ ಮಾಡುತ್ತದೆ, ಗಮನ ನಿಲ್ಲಿಸುವುದಿಲ್ಲ. ಅದನ್ನು ಸೋಮಾರಿತನ ಎಂದು ಹೇಳಿಬಿಡುವುದು ಸುಲಭ.

ನಮ್ಮ ಎಷ್ಟೋ ಮನೆಗಳಲ್ಲಿ ಮಗುವಿನ ಬೆಳಗಿನ ತಿಂಡಿ ಎಂದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ಅಥವಾ ಬನ್. ಚಹಾ ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ, ಹೊಟ್ಟೆ ತುಂಬಿದಂತೆ ಮಾಡಿ ಹಸಿವನ್ನೂ ಕೊಲ್ಲುತ್ತದೆ. ಚಿಕ್ಕ ಮಕ್ಕಳಿಗೆ ಚಹಾ ಬೇಡವೇ ಬೇಡ. ರಾತ್ರಿಯ ರೊಟ್ಟಿಯಾದರೂ ಸರಿ, ಒಂದು ಖರ್ಜೂರ, ಒಂದು ಬೇಯಿಸಿದ ಮೊಟ್ಟೆ ಕೊಟ್ಟು ಕಳುಹಿಸಿ. ಬೆಳಗ್ಗೆ ಏನೂ ತಿನ್ನದೆ ಬಂದಿದ್ದರೆ ಟೀಚರ್‌ಗೆ ಹೇಳಿ ಬನ್ನಿ.

ಟೀಚರ್‌ರಿಂದ ತಿಳಿಯಬೇಕಾದದ್ದು: ಮಗು ಅಲ್ಲಿ ಕೊಡುವ ಊಟ ತಿನ್ನುತ್ತದೆಯೇ, ಮೊಟ್ಟೆ ತಿನ್ನುತ್ತದೆಯೇ, ಜೇಬಿನಲ್ಲಿ ಇಟ್ಟುಕೊಂಡು ಬರುತ್ತದೆಯೇ? ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣಾಂಶದ ಸಿರಪ್ ಕೊಡುವ ಕಾರ್ಯಕ್ರಮ ಇದೆ. ನಿಮ್ಮ ಮಗುವಿಗೆ ಅದು ಸಿಗುತ್ತಿದೆಯೇ ಎಂದು ಟೀಚರ್ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಡುಗೆಗೆ ಏನು ಬಳಸುತ್ತಾರೆ ಎಂಬ ಬಗ್ಗೆ ಮನಸ್ಸಿನಲ್ಲಿ ಸಂಶಯವಿದ್ದರೆ, ಬೀದಿಯ ಮಾತು ಕೇಳಿ ಮಗುವಿನ ಊಟ ಬಿಡಿಸಬೇಡಿ. ನೇರವಾಗಿ ಒಳಗೆ ಹೋಗಿ ನೋಡಿ, ಕೇಳಿ.

3. ಚಲನೆ: "ಅಲ್ಲಿ ಬರೀ ಆಟ"

"ಅಂಗನವಾಡಿಯಲ್ಲಿ ಬರೀ ಆಟ, ಬರೆಯಲು ಕಲಿಸುವುದೇ ಇಲ್ಲ" ಎಂದು ದೂರುವ ತಂದೆಯಂದಿರು ಹಲವರು. ಮೂರು ವರ್ಷದ ಮಗುವಿನ ಬೆರಳ ಸ್ನಾಯುಗಳು ಪೆನ್ಸಿಲ್ ಹಿಡಿಯಲು ಇನ್ನೂ ಗಟ್ಟಿಯಾಗಿರುವುದಿಲ್ಲ. ಮಣಿ ಪೋಣಿಸುವುದು, ಮಣ್ಣು ಕಲಸುವುದು, ಕಾಗದ ಹರಿಯುವುದು, ಬೀಜ ಎಣಿಸುವುದು - ಇವೇ ಆ ಬೆರಳುಗಳನ್ನು ಬರವಣಿಗೆಗೆ ಸಿದ್ಧಗೊಳಿಸುತ್ತವೆ.

ಸಾವಿರ ವರ್ಷದ ಹಿಂದೆಯೇ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಇದನ್ನು ಬರೆದಿದ್ದಾರೆ. ಮಗು ಎದ್ದ ಮೇಲೆ ಸ್ನಾನ, ಆಮೇಲೆ ಒಂದಷ್ಟು ಹೊತ್ತು ಆಟ, ನಂತರ ಆಹಾರ ಎಂಬ ಕ್ರಮ ಅವರದು. ಗುರುವಿನ ಬಳಿ ಕಳುಹಿಸಲು ಅವರು ಸೂಚಿಸುವುದು ಆರನೆಯ ವಯಸ್ಸು. ಅದೂ ಹಂತಹಂತವಾಗಿ, ಒಮ್ಮೆಗೇ ಪುಸ್ತಕಕ್ಕೆ ಕಟ್ಟಿಹಾಕದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದು, ಆಟದ ಮೂಲಕ ಕಲಿಕೆ ಎನ್ನುತ್ತದೆ.

ಆದ್ದರಿಂದ "ಇವತ್ತು ಏನು ಬರೆದೆ?" ಎಂದು ಮಗುವನ್ನು ಕೇಳುವ ಬದಲು, "ಇವತ್ತು ಯಾವ ಆಟ ಆಡಿದಿರಿ?" ಎಂದು ಕೇಳಿ. ಟೀಚರ್ ಬಳಿ ಆ ವಾರದ ಹಾಡು ಯಾವುದು ಎಂದು ತಿಳಿದುಕೊಂಡು ಮನೆಯಲ್ಲಿ ಮತ್ತೆ ಹಾಡಿಸಿ. ಬೇಳೆ ಆರಿಸುವಾಗ, ಪಾತ್ರೆ ಜೋಡಿಸುವಾಗ ಮಗುವನ್ನು ಕೂರಿಸಿಕೊಂಡು ಎಣಿಸಿ. ಮೊಬೈಲ್ ಕೊಟ್ಟು ಕೂರಿಸುವುದು ಇದಕ್ಕೆ ಬದಲಾಗದು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆಯ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

4. ಮನಸ್ಸು: ಭಯ ಮತ್ತು ಭಾಷೆ

ಮಗುವನ್ನು ಅತಿಯಾದ ಸಿಟ್ಟು, ಭಯ, ದುಃಖ, ನಿದ್ರಾಹೀನತೆಗಳಿಂದ ಕಾಯಬೇಕು ಎಂಬುದೂ ಇಬ್ನ್ ಸೀನಾರ ಸೂಚನೆ. ನಾವೋ ಹಠ ಮಾಡಿದ ಮಗುವಿಗೆ "ಟೀಚರ್ ಹತ್ತಿರ ಹೇಳ್ತೀನಿ, ಹೊಡೀತಾರೆ" ಎನ್ನುತ್ತೇವೆ. ಮರುದಿನ ಅದೇ ಟೀಚರ್ ಮಡಿಲಲ್ಲಿ ಕೂರು ಎನ್ನುತ್ತೇವೆ. ಹೆದರಿದ ಮಗು ಬಾಯಿ ಬಿಡುವುದಿಲ್ಲ. ಈ ಬೆದರಿಕೆಯನ್ನು ಇವತ್ತೇ ನಿಲ್ಲಿಸಿ.

ಇನ್ನೊಂದು ನಮ್ಮ ಸಮುದಾಯಕ್ಕೆ ವಿಶೇಷವಾದ ವಿಷಯ. ನಮ್ಮ ಮನೆಗಳಲ್ಲಿ ದಖ್ಖನಿ ಉರ್ದು, ಬ್ಯಾರಿ, ನವಾಯತಿ ಮಾತುಗಳಿವೆ. ಅಂಗನವಾಡಿಯಲ್ಲಿ ಕನ್ನಡ. ಮೊದಲ ದಿನ ಮಗುವಿಗೆ ಅಲ್ಲಿ ಯಾರ ಮಾತೂ ಅರ್ಥವಾಗುವುದಿಲ್ಲ. "ಪಾನಿ" ಎಂದು ಕೇಳಿ ಸಿಗದೆ ಸುಮ್ಮನಾದ ಮಗು ದಿನವಿಡೀ ಬಾಯಾರಿರುತ್ತದೆ. ನೀರು, ಹಸಿವು, ಹೊಟ್ಟೆನೋವು, ಮೂತ್ರ, ಅಮ್ಮ, ಭಯ ಇಂತಹ ಹತ್ತು ಪದಗಳನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಟೀಚರ್‌ಗೂ ಸಹಾಯಕಿಗೂ ಕೊಡಿ. ಅವೇ ಹತ್ತು ಪದಗಳನ್ನು ಕನ್ನಡದಲ್ಲಿ ಮಗುವಿಗೆ ಹೇಳಿಕೊಡಿ.

ಕನ್ನಡ ಬರಲಿ ಎಂದು ಮನೆಮಾತು ಬಿಡಿಸಬೇಕಾಗಿಲ್ಲ. ಎರಡು ಭಾಷೆ ಕೇಳಿದರೆ ಮಗುವಿಗೆ ಮಾತು ತಡವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಮನೆಮಾತಿನಲ್ಲಿ ಕಥೆ ಕೇಳಿ ಬೆಳೆದ ಮಗು ಎರಡನೆಯ ಭಾಷೆಯನ್ನೂ ಚೆನ್ನಾಗಿ ಹಿಡಿಯುತ್ತದೆ. ಹೊಸ ಭಾಷೆಯ ನಡುವೆ ಮಗು ಕೆಲವು ತಿಂಗಳು ಮೌನವಾಗಿ ಕೇಳಿಸಿಕೊಳ್ಳುತ್ತಿರುವುದು ಸಹಜ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಮಗು ಅಂಗನವಾಡಿಯಲ್ಲಿ ಸುಮ್ಮನಿದ್ದು ಮನೆಯಲ್ಲಿ ಪಟಪಟನೆ ಮಾತನಾಡಿದರೆ, ಅದು ಬಹುಮಟ್ಟಿಗೆ ಭಾಷೆ ಅಥವಾ ಸಂಕೋಚದ ವಿಷಯ. ಮನೆಯಲ್ಲೂ ವಯಸ್ಸಿಗೆ ತಕ್ಕಂತೆ ಮಾತನಾಡದಿದ್ದರೆ, ಅಥವಾ ನಮ್ಮ ಆ ಹುಡುಗಿಯ ಹಾಗೆ ಜೋರಾಗಿಯೇ ಮಾತನಾಡುತ್ತಿದ್ದರೆ, "ಭಾಷೆ ಬರಲ್ಲ, ಅದಕ್ಕೇ" ಎಂದು ಸುಮ್ಮನಿರಬೇಡಿ. ವೈದ್ಯರಿಗೆ ತೋರಿಸಿ. ಈ ವ್ಯತ್ಯಾಸ ತಿಳಿಯಬೇಕಾದರೂ ಮನೆಯವರು ಮತ್ತು ಟೀಚರ್ ಮಾತನಾಡಲೇಬೇಕು.

5. ನಿದ್ರೆ: ರಮಝಾನ್‌ನಲ್ಲಿ ವಿಶೇಷ ಗಮನ

ಮೂರು-ನಾಲ್ಕು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ರೆ ಬೇಕು. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯೂರುವುದು ನಿದ್ರೆಯಲ್ಲಿ. ರಾತ್ರಿ ಹನ್ನೊಂದರವರೆಗೆ ದೊಡ್ಡವರ ಜೊತೆ ಎಚ್ಚರವಿದ್ದ ಮಗು ಬೆಳಗ್ಗೆ ಅಂಗನವಾಡಿಯಲ್ಲಿ ತೂಕಡಿಸುತ್ತದೆ.

ರಮಝಾನ್‌ನಲ್ಲಿ ಇದು ಹೆಚ್ಚು. ತರಾವೀಹ್ ಮುಗಿಯುವವರೆಗೆ ಓಡಾಟ, ಸಹರಿಗೆ ಎಲ್ಲರೊಂದಿಗೆ ಏಳುವ ಹಠ. ಮಕ್ಕಳ ಆ ಸಂತೋಷವನ್ನು ಕಸಿಯಬೇಕಾಗಿಲ್ಲ. ಆದರೆ ಚಿಕ್ಕವರನ್ನು ಇಶಾ ವೇಳೆಗೆ ಮಲಗಿಸಲು ನೋಡಿ. ಸಹರಿಗೆ ಎದ್ದರೆ ಫಜ್ರ್ ನಂತರ ಮತ್ತೆ ಮಲಗಿಸಿ. ತಿಂಗಳ ಆರಂಭದಲ್ಲೇ ಟೀಚರ್‌ಗೆ "ನಮ್ಮ ಮನೆಯಲ್ಲಿ ಈ ತಿಂಗಳು ಹೀಗಿರುತ್ತೆ ಅಕ್ಕ, ಮಗು ನಿದ್ದೆ ಮಾಡಿದರೆ ಸ್ವಲ್ಪ ಮಲಗಲು ಬಿಡಿ" ಎಂದು ಹೇಳಿ. ಈ ಪ್ರಾಯದ ಮಕ್ಕಳಿಗೆ ಉಪವಾಸ ಕಡ್ಡಾಯವಲ್ಲ. ದೊಡ್ಡವರನ್ನು ನೋಡಿ "ನಾನೂ ರೋಝಾ" ಎಂದು ಊಟ ಬಿಡುವ ಮಕ್ಕಳಿರುತ್ತಾರೆ. ಇದೂ ಟೀಚರ್‌ಗೆ ಗೊತ್ತಿರಲಿ.

6. ವಿಸರ್ಜನೆ: ಹೇಳಲು ನಾಚಿಕೆ ಬೇಡ

ಮೂತ್ರ ತಡೆದುಕೊಂಡ ಮಗುವಿಗೆ ಕಥೆ ಕೇಳುವ ಮನಸ್ಸಿರುವುದಿಲ್ಲ. ಶೌಚಕ್ಕೆ ಹೋಗಲು ಹೆದರುವ ಅಥವಾ ನಾಚುವ ಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಗ ಮಲಬದ್ಧತೆ, ಮೂತ್ರದ ಉರಿ ಶುರುವಾಗುತ್ತದೆ. ನಮ್ಮ ಮಕ್ಕಳಿಗೆ ನೀರಿನಿಂದ ಶುಚಿ ಮಾಡಿಕೊಳ್ಳುವ ಅಭ್ಯಾಸವನ್ನು ಚಿಕ್ಕಂದಿನಿಂದಲೇ ಮಾಡಿಸಿರುತ್ತೇವೆ. ನೀರಿಲ್ಲದಿದ್ದರೆ ಅವರು ಹೋಗುವುದೇ ಇಲ್ಲ. ಇದನ್ನು ಸಹಾಯಕಿಗೆ ಹೇಳಿ. ಅಲ್ಲಿ ಶೌಚಾಲಯವಿದೆಯೇ, ನೀರಿದೆಯೇ, ಸಾಬೂನಿದೆಯೇ ನೋಡಿ. ಒಂದು ಜೊತೆ ಬಟ್ಟೆಯನ್ನು ಚೀಲದಲ್ಲಿ ಇಟ್ಟು ಕಳುಹಿಸಿ.

ಜಂತುಹುಳು ಇರುವ ಮಗು ಉಂಡದ್ದನ್ನೆಲ್ಲ ಹುಳುವಿನೊಂದಿಗೆ ಹಂಚಿಕೊಳ್ಳುತ್ತದೆ. ಫೆಬ್ರವರಿ 10ರಂದು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಆಗಸ್ಟ್‌ನಲ್ಲಿ ಇನ್ನೊಂದು ಸುತ್ತು ನಡೆಯುತ್ತದೆ. ಒಂದರಿಂದ ಎರಡು ವರ್ಷದ ಮಗುವಿಗೆ ಅಲ್ಬೆಂಡಝೋಲ್ ಅರ್ಧ ಮಾತ್ರೆ, ಎರಡು ವರ್ಷ ದಾಟಿದವರಿಗೆ ಒಂದು ಮಾತ್ರೆ. ಚಿಕ್ಕವರಿಗೆ ಪುಡಿ ಮಾಡಿ ನೀರಿನಲ್ಲಿ ಕೊಡುತ್ತಾರೆ. ಆ ದಿನ ಮಗುವನ್ನು ತಪ್ಪದೆ ಕಳುಹಿಸಿ. ಜ್ವರ ಅಥವಾ ಬೇರೆ ಕಾಯಿಲೆಯಿದ್ದರೆ ಮೊದಲೇ ತಿಳಿಸಿ.

ಹೇಗೆ ಮಾತನಾಡಬೇಕು?

ಬೆಳಗ್ಗೆ ಬಿಡುವ ಹೊತ್ತು ಗಡಿಬಿಡಿಯದು. ಅಳುವ ಮಕ್ಕಳ ನಡುವೆ ಟೀಚರ್‌ಗೆ ನಿಮ್ಮ ಮಾತು ಕೇಳಲು ಆಗುವುದಿಲ್ಲ. ಕರೆದುಕೊಂಡು ಬರುವ ಹೊತ್ತಿಗೆ ಐದು ನಿಮಿಷ ಮೊದಲು ಹೋಗಿ. "ಮಗು ಹೇಗಿದೆ?" ಎಂದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ. "ಇವತ್ತು ಯಾರ ಜೊತೆ ಆಡಿದ? ಊಟ ಎಷ್ಟು ಮಾಡಿದ?" ಎಂದು ಕೇಳಿದರೆ ವಿಷಯ ತಿಳಿಯುತ್ತದೆ. ಬಿಡಲು ಹೋಗುವವರು ಅಜ್ಜಿಯಾದರೆ, ಏನು ಹೇಳಬೇಕು, ಏನು ಕೇಳಬೇಕು ಎಂದು ಅವರಿಗೆ ಹೇಳಿ ಕಳುಹಿಸಿ. ತಂದೆಯಂದಿರೂ ತಿಂಗಳಿಗೆ ಒಂದು ದಿನವಾದರೂ ಹೋಗಬೇಕು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಕಿವಿ, ಕಣ್ಣು, ಹಲ್ಲು, ಬೆಳವಣಿಗೆ ಎಲ್ಲವನ್ನೂ ಆಗ ನೋಡುತ್ತಾರೆ. ತಂಡ ಬರುವ ದಿನವನ್ನು ಕೇಳಿಟ್ಟುಕೊಂಡು ತಾಯಿ ಕಾರ್ಡ್ ಹಿಡಿದು ನೀವೂ ಹೋಗಿ. ಮನೆಯಲ್ಲಿ ಕಂಡದ್ದನ್ನು ಆ ವೈದ್ಯರಿಗೆ ಹೇಳಬಲ್ಲವರು ನೀವೊಬ್ಬರೇ. ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ತಾಯಂದಿರಿಗೆ ಸ್ಥಾನವಿದೆ. ಸಭೆ ಎಂದಾಗ ಹಿಂಜರಿಯಬೇಡಿ.

ದೂರು ಇದ್ದರೆ ಮೊದಲು ಟೀಚರ್ ಜೊತೆಗೇ, ಬೇರೆಯವರಿಲ್ಲದಾಗ ಮಾತನಾಡಿ. ಸರಿಹೋಗದಿದ್ದರೆ ಮೇಲ್ವಿಚಾರಕಿ ಇದ್ದಾರೆ, ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಇದ್ದಾರೆ. ಮಗುವಿನ ಮುಂದೆ ಟೀಚರ್‌ರನ್ನು ಹಳಿಯಬೇಡಿ. ಮನೆಯಲ್ಲಿ ಗೌರವ ಸಿಗದವರ ಮಾತನ್ನು ಮಗು ಅಲ್ಲಿಯೂ ಕೇಳುವುದಿಲ್ಲ. ಆ ಟೀಚರ್‌ಗೆ ಪಾಠದ ಜೊತೆ ತೂಕ ನೋಡುವುದು, ಮನೆ ಸಮೀಕ್ಷೆ, ಗರ್ಭಿಣಿಯರ ಲೆಕ್ಕ, ಮೊಬೈಲ್‌ನಲ್ಲಿ ಮಾಹಿತಿ ತುಂಬುವುದು ಎಲ್ಲವೂ ಇದೆ ಎಂಬುದು ನೆನಪಿರಲಿ.

ಸಾಕಿದವರಿಗೆ ಗೌರವ

ನಮ್ಮ ಪ್ರವಾದಿವರ್ಯರ(ಸ) ಬಾಲ್ಯದ ಮೊದಲ ವರ್ಷಗಳು ಕಳೆದದ್ದು ಹೆತ್ತ ತಾಯಿಯ ಮನೆಯಲ್ಲಲ್ಲ, ಬನೂ ಸಅದ್ ಗೋತ್ರದ ಹ. ಹಲೀಮಾ ಸಅದಿಯಾರ(ರ) ಮಡಿಲಲ್ಲಿ. ಮರುಭೂಮಿಯ ಶುದ್ಧ ಗಾಳಿಯೂ ಅಲ್ಲಿನ ಸ್ವಚ್ಛ ಅರಬಿ ಮಾತೂ ಮಕ್ಕಳಿಗೆ ಸಿಗಲಿ ಎಂದು ಮಕ್ಕಾದವರು ಹೀಗೆ ಕಳುಹಿಸುತ್ತಿದ್ದರು. ದೊಡ್ಡವರಾದ ಮೇಲೆ ತಮ್ಮನ್ನು ಸಾಕಿದ ಆ ಮಹಿಳೆ ಬಂದಾಗ ಪ್ರವಾದಿವರ್ಯರು(ಸ) ಅವರಿಗಾಗಿ ತಮ್ಮ ಮೇಲುಹೊದಿಕೆಯನ್ನು ಹಾಸಿದರೆಂದು ಸೀರತ್ ಗ್ರಂಥಗಳಲ್ಲಿದೆ. ನಮ್ಮ ಮಗುವನ್ನು ಅರ್ಧ ದಿನ ನೋಡಿಕೊಳ್ಳುವ ಟೀಚರ್ ಮತ್ತು ಸಹಾಯಕಿಯನ್ನು ಕಾಣುವ ರೀತಿಗೆ ನಮಗೆ ಬೇರೆ ಮಾದರಿ ಬೇಕಿಲ್ಲ. ಮಗು ಅಲ್ಲಾಹನು ಕೊಟ್ಟ ಅಮಾನತ್. ಆ ಅಮಾನತ್ ಕಾಯುವುದರಲ್ಲಿ ಅವರು ನಮ್ಮ ಪಾಲುದಾರರು.

ಆ ಪುಟ್ಟ ಹುಡುಗಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ತಾಯಿಯೇ ಹೋಗಿ ಟೀಚರ್‌ಗೆ ವಿಷಯ ತಿಳಿಸಿದರು. ಟೀಚರ್ ಅವಳನ್ನು ತಮ್ಮ ಎದುರಿಗೇ ಕೂರಿಸಿಕೊಂಡು, ಮುಖ ನೋಡುತ್ತಾ ಮಾತನಾಡತೊಡಗಿದರು. ಈಚೆಗೆ ಅಜ್ಜಿ ತಮ್ಮ ಮಂಡಿನೋವಿಗೆ ಔಷಧ ಪಡೆಯಲು ಬಂದಾಗ ಅವಳೂ ಜೊತೆಗಿದ್ದಳು. ಒಂದು ಕಿವಿ ಇನ್ನೂ ಪೂರ್ತಿ ವಾಸಿಯಾಗಿಲ್ಲ, ತಪಾಸಣೆ ಮುಂದುವರಿದಿದೆ. ಆದರೆ ನಾನು ಔಷಧ ಕಟ್ಟುವಷ್ಟರಲ್ಲಿ ಅವಳು ಬೆಂಚಿನ ಮೇಲೆ ಕೂತು, ಕಾಲು ಆಡಿಸುತ್ತಾ, ಅಂಗನವಾಡಿಯ ಹಾಡೊಂದನ್ನು ಕನ್ನಡದಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳಿದಳು.

ನಾಳೆ ಮಗುವನ್ನು ಕರೆತರಲು ಹೋದಾಗ ಬಾಗಿಲಿನಿಂದಲೇ ಹಿಂತಿರುಗಬೇಡಿ. ಐದು ನಿಮಿಷ ನಿಂತು ಮಾತನಾಡಿ ಬನ್ನಿ.